ಪಾರ್ಕ್ ಪಾಸ್ ಇದ್ದರೆ ಕಾಡಿನಲ್ಲಿ ಟೆಂಟ್ ಹಾಕಬಹುದೇ?

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಕೊಂಡರೆ ಒಳಗೆ ಎಲ್ಲಿ ಬೇಕಾದರೂ ಟೆಂಟ್ ಹಾಕಿ ಮಲಗಬಹುದು ಎಂದುಕೊಂಡವರು ಬಹಳ. ಹಾಗಲ್ಲ. ಆ ಪಾಸ್ ಗೇಟಿನ ಶುಲ್ಕಕ್ಕೆ ಮಾತ್ರ. ರಸ್ತೆ ಬಿಟ್ಟು, ಬೆನ್ನಿಗೆ ಚೀಲ ಏರಿಸಿಕೊಂಡು ಹೋಗಿ ಕಾಡಿನೊಳಗೆ ರಾತ್ರಿ ತಂಗಬೇಕಾದರೆ ದೊಡ್ಡ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಬೇರೆ ಅನುಮತಿ ಬೇಕು. ಅದನ್ನು ವೈಲ್ಡರ್‌ನೆಸ್ ಪರ್ಮಿಟ್ ಅಥವಾ ಬ್ಯಾಕ್‌ಕಂಟ್ರಿ ಪರ್ಮಿಟ್ ಎನ್ನುತ್ತಾರೆ.

ಇದೂ ದುಡ್ಡು ಮಾಡುವ ದಾರಿ ಎಂಬ ಗೊಣಗಾಟ ಉಂಟು. ಆದರೆ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಅರ್ಜಿಗೆ 10 ಡಾಲರ್, ಪರ್ಮಿಟ್ ಸಿಕ್ಕರೆ ತಲೆಗೆ 5 ಡಾಲರ್. ಹತ್ತು ದಿನ ಕಾಡಿನಲ್ಲಿದ್ದರೂ ಅಷ್ಟೇ. ಕಷ್ಟ ಇರುವುದು ದುಡ್ಡಿನಲ್ಲಲ್ಲ, ತಲೆಲೆಕ್ಕದಲ್ಲಿ.

ಯೊಸೆಮಿಟಿ ಕಣಿವೆಯಿಂದ ಮೌಂಟ್ ವಿಟ್ನಿ ಶಿಖರದವರೆಗೆ ಹೋಗುವ ಜಾನ್ ಮ್ಯೂರ್ ಟ್ರೇಲ್ ಅನ್ನೇ ನೋಡಿ. ಉದ್ದ ಸುಮಾರು 340 ಕಿ.ಮೀ., ಸಾಧಾರಣ ನಡಿಗೆಯವರಿಗೆ ಮೂರು ವಾರದ ದಾರಿ. ಅದು ಯೊಸೆಮಿಟಿ, ಕಿಂಗ್ಸ್ ಕ್ಯಾನ್ಯನ್, ಸೆಕ್ವೊಯಾ ಎಂಬ ಮೂರು ರಾಷ್ಟ್ರೀಯ ಉದ್ಯಾನಗಳನ್ನು ಹಾದುಹೋಗುತ್ತದೆ. ನಡುನಡುವೆ ಅಮೆರಿಕದ ಅರಣ್ಯ ಸೇವೆಯ ಕಾಡುಗಳೂ ಬರುತ್ತವೆ. ಹಾಗಾದರೆ ಮೂರು ಉದ್ಯಾನಕ್ಕೆ ಮೂರು ಪರ್ಮಿಟ್ ಬೇಕೇ? ಬೇಡ, ಒಂದೇ ಸಾಕು. ನಡಿಗೆ ಎಲ್ಲಿ ಶುರುವಾಗುತ್ತದೋ ಅಲ್ಲಿನ ಕಚೇರಿ ಕೊಟ್ಟ ಪರ್ಮಿಟನ್ನು ಮುಂದಿನವರೂ ಒಪ್ಪುತ್ತಾರೆ, ನೀವು ನಡಿಗೆ ತುಂಡರಿಸದೆ ಮುಂದುವರಿದರೆ.

ಏಕೆಂದರೆ ಇಲ್ಲಿ ಎಣಿಸುವುದು ಮಲಗುವ ಜಾಗಗಳನ್ನಲ್ಲ, ಬಾಗಿಲು ದಾಟುವವರನ್ನು. ಕಾಡಿಗೆ ಇಳಿಯುವ ಪ್ರತಿ ದಾರಿಯ ಬಾಯಿಗೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಒಳಗೆ ಹೋದಮೇಲೆ ಒಬ್ಬರು ವೇಗವಾಗಿ, ಒಬ್ಬರು ನಿಧಾನವಾಗಿ ನಡೆದು ತಾವಾಗಿಯೇ ಚದುರಿಹೋಗುತ್ತಾರೆ. ಯೊಸೆಮಿಟಿಯಲ್ಲಿ ಈ ಪದ್ಧತಿ 1970ರ ದಶಕದಿಂದ ಇದೆ. ಜಾನ್ ಮ್ಯೂರ್ ಟ್ರೇಲಿಗೆ ಬೇಡಿಕೆ ಹೆಚ್ಚಿದಾಗ, 11,000 ಅಡಿಗೂ ಎತ್ತರದ ಡೊನಹ್ಯೂ ಪಾಸ್ ದಾಟಿ ದಕ್ಷಿಣಕ್ಕೆ ಹೋಗುವವರು ದಿನಕ್ಕೆ 45 ಜನ ಮೀರಬಾರದು ಎಂಬ ಇನ್ನೊಂದು ಮಿತಿಯನ್ನು 2015ರಲ್ಲಿ ಸೇರಿಸಿದರು.

ಅಷ್ಟು ದೊಡ್ಡ ಬೆಟ್ಟಸಾಲಿಗೆ 45 ಜನ ಯಾವ ಲೆಕ್ಕ ಎನಿಸಬಹುದು. ಆದರೆ ಎಲ್ಲರೂ ನಡೆಯುವುದು ಒಂದೇ ಕಾಲುದಾರಿಯಲ್ಲಿ, ಮಲಗುವುದು ಅದೇ ನಾಲ್ಕಾರು ಕೆರೆಗಳ ಪಕ್ಕದಲ್ಲಿ. ಶೌಚಾಲಯ ಇಲ್ಲ, ನೀರಿನಿಂದ ಸುಮಾರು 60 ಮೀಟರ್ ದೂರದಲ್ಲಿ ಕನಿಷ್ಠ ಆರು ಅಂಗುಲ ಗುಂಡಿ ತೋಡಿ ಮುಚ್ಚಬೇಕು. ಮಣ್ಣು ತೆಳು, ಚಳಿ ಹೆಚ್ಚು, ಕೊಳೆಯುವುದು ನಿಧಾನ. ಹೀಗೆ ಬೇಸಿಗೆಯುದ್ದಕ್ಕೂ ದಿನಕ್ಕೆ 45 ಗುಂಡಿ ಎಂದರೆ ಎಷ್ಟಾಯಿತು, ನೀವೇ ಗುಣಿಸಿ.

ಈ ತಲೆಲೆಕ್ಕ ನಮಗೂ ಹೊಸದಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದ ಚಿತ್ರ ಎಷ್ಟೋ ಜನರ ಮೊಬೈಲಿಗೆ ಬಂದಿತ್ತು. ಅದರ ಬೆನ್ನಿಗೇ ಕರ್ನಾಟಕ ಸರ್ಕಾರ ಚಾರಣಗಳನ್ನು ತಡೆದು, ಆಮೇಲೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು.

ಯೊಸೆಮಿಟಿಗೆ ಮರಳೋಣ. ಅಲ್ಲಿ ಶೇ. 60ರಷ್ಟು ಪರ್ಮಿಟ್‌ಗಳನ್ನು ನಡಿಗೆಯ ದಿನಕ್ಕೆ 24 ವಾರ ಮೊದಲೇ ಲಾಟರಿಯಲ್ಲಿ ಕೊಡುತ್ತಾರೆ. ಉಳಿದ ಶೇ. 40 ಬಿಡುಗಡೆಯಾಗುವುದು ಏಳು ದಿನ ಮೊದಲು. ಅಂದರೆ ಆರು ತಿಂಗಳ ಹಿಂದೆಯೇ ಎಲ್ಲ ಮುಗಿದುಹೋಯಿತು ಎಂಬ ಮಾತು ಪೂರ್ತಿ ನಿಜವಲ್ಲ. ಸನಿಹದ ಊರುಗಳಲ್ಲಿರುವವರಿಗೆ ಈ ಎರಡನೇ ಕಂತು ಒಳ್ಳೆಯ ಅವಕಾಶ. ಬೆಂಗಳೂರಿನಿಂದ ವಿಮಾನ ಹತ್ತುವವರಿಗೆ ಮಾತ್ರ ಅದೊಂದು ಜೂಜು.

ಎಲ್ಲ ಉದ್ಯಾನಗಳದೂ ಒಂದೇ ನಿಯಮವಲ್ಲ. ಮೊಂಟಾನಾದ ಗ್ಲೇಸಿಯರ್‌ನಲ್ಲಿ ಯಾವ ರಾತ್ರಿ ಯಾವ ಶಿಬಿರದಲ್ಲಿ ಎಂಬುದು ಪರ್ಮಿಟ್‌ನಲ್ಲೇ ಬರೆದಿರುತ್ತದೆ. ಕಾಲು ನೋಯುತ್ತದೆಂದು ನಡುವೆ ಎಲ್ಲೋ ಮಲಗುವಂತಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ ಅಪಲೇಚಿಯನ್ ಟ್ರೇಲ್‌ನ ದೂರದ ನಡಿಗೆಯವರಿಗೆಂದೇ ಬೇರೆ ಪರ್ಮಿಟ್ ಇದೆ. ಅದನ್ನು ಪಡೆಯುವವರು ಉದ್ಯಾನದಿಂದ ಕನಿಷ್ಠ 50 ಮೈಲಿ ಆಚೆ ನಡಿಗೆ ಶುರುಮಾಡಿ, ಇನ್ನೊಂದು ಬದಿಯಲ್ಲೂ ಅಷ್ಟೇ ದೂರ ಹೋಗಿ ಮುಗಿಸಬೇಕು, ಉದ್ಯಾನವನ್ನು 8 ದಿನದೊಳಗೆ ದಾಟಬೇಕು.

ನೆಟ್‌ನಲ್ಲಿ ಬೇರೆಯವರ ಪರ್ಮಿಟ್ ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಯೊಸೆಮಿಟಿ ಪರ್ಮಿಟ್ ಮಾರಲು ಬರುವುದಿಲ್ಲ. ತಂಡದ ಮುಖ್ಯಸ್ಥರೋ, ಬುಕಿಂಗ್‌ನಲ್ಲಿ ನಮೂದಾದ ಬದಲಿ ವ್ಯಕ್ತಿಯೋ ಗುರುತಿನ ಚೀಟಿ ಹಿಡಿದು ಖುದ್ದಾಗಿ ಹೋಗಿ ಪಡೆಯಬೇಕು. ಕರಡಿ ತೆರೆಯಲಾಗದ ಆಹಾರದ ಡಬ್ಬಿಯೂ ಅಲ್ಲಿ ಕಡ್ಡಾಯ.

ಇನ್ನೊಂದು ನಂಬಿಕೆ ಇದೆ, ಇದು ಜೀವಕ್ಕೇ ಅಪಾಯ: ಪರ್ಮಿಟ್ ಪಡೆದಿದ್ದೇವೆ, ವಾಪಸ್ ಬಾರದಿದ್ದರೆ ರೇಂಜರ್‌ಗಳೇ ಹುಡುಕಿಕೊಂಡು ಬರುತ್ತಾರೆ ಎಂಬುದು. ನೀವು ಹೊರಬಂದಿರಾ ಎಂದು ಯಾರೂ ಹಾಜರಿ ಹಾಕುವುದಿಲ್ಲ. ಯಾರಾದರೂ ದೂರು ಕೊಟ್ಟ ಮೇಲಷ್ಟೇ ಹುಡುಕಾಟ ಶುರು. ಆಗ ಪರ್ಮಿಟ್‌ನಲ್ಲಿರುವ ದಾರಿ, ದಿನಾಂಕ ಉಪಯೋಗಕ್ಕೆ ಬರುತ್ತವೆ. ಕಾಡಿನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹೊರಡುವ ಮುನ್ನ ಮನೆಯವರಿಗೋ ಗೆಳೆಯರಿಗೋ ದಾರಿಯ ವಿವರ, ಪರ್ಮಿಟ್‌ನ ಫೋಟೋ, ಉದ್ಯಾನದ ತುರ್ತು ಸಂಖ್ಯೆ ಕಳಿಸಿ. ಯಾವ ದಿನ, ಎಷ್ಟು ಗಂಟೆಯವರೆಗೆ ನಿಮ್ಮ ಕರೆ ಬಾರದಿದ್ದರೆ ಆ ಸಂಖ್ಯೆಗೆ ಫೋನ್ ಮಾಡಬೇಕು ಎಂಬುದನ್ನೂ ಬರೆದುಕೊಡಿ.