ಮಾಳಿಗೆಯ ಮಣ್ಣಿನ ಭಾರ ಇಳಿಸೋಣ

ಭೂಕಂಪದ ಮಾತು ಬಂದಾಗಲೆಲ್ಲ ರೈತರು ಕೇಳುವ ಪ್ರಶ್ನೆ ಒಂದೇ: ನೆಲ ನಡುಗುವಾಗ ಏನು ಮಾಡಬೇಕು? ಪ್ರಶ್ನೆ ಸರಿಯಾದುದೇ. ಆದರೆ ನೆಲ ನಡುಗುವುದು ಹೆಚ್ಚಾಗಿ ಒಂದು ನಿಮಿಷದೊಳಗಿನ ಮಾತು. ಅಷ್ಟರಲ್ಲಿ ನಾವು ಮಾಡಬಹುದಾದುದು ಬಹು ಕಡಿಮೆ. ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜೀವ ಉಳಿಯುವುದೂ ಹೋಗುವುದೂ ಅದಕ್ಕೆ ಎಷ್ಟೋ ಬೇಸಿಗೆಗಳ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ನಮ್ಮ ಗಡಿಯಾಚೆಯ ಕಿಲ್ಲಾರಿಯೇ ಸಾಕ್ಷಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 4 ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಮಹಾರಾಷ್ಟ್ರದ ಲಾತೂರು ಹಾಗೂ ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ಕಂಪಿಸಿತು. ಹಿಂದಿನ ರಾತ್ರಿ ಗಣೇಶನನ್ನು ನೀರಿಗೆ ಬಿಟ್ಟು ಬಂದ ಜನ ಗಾಢ ನಿದ್ರೆಯಲ್ಲಿದ್ದರು. ಕಂಪನದ ಪ್ರಮಾಣ 6.2. ಜಗತ್ತಿನ ಅತಿ ದೊಡ್ಡ ಭೂಕಂಪಗಳ ಸಾಲಿಗೆ ಸೇರುವಂಥದಲ್ಲ. ಆದರೂ 8 ಸಾವಿರದಿಂದ 10 ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರು. ನಮ್ಮ ಬೀದರ, ಕಲಬುರಗಿ ಕಡೆಯೂ ನೆಲ ನಡುಗಿತು.

ಅಲ್ಲಿನ ಮನೆಗಳು ನಮ್ಮ ಮನೆಗಳಂತೆಯೇ ಇದ್ದವು. ಎರಡು ಅಡಿ, ಕೆಲವೆಡೆ ಅದಕ್ಕೂ ಹೆಚ್ಚು ದಪ್ಪದ ಗೋಡೆ. ಒಳಗೊಂದು, ಹೊರಗೊಂದು ಕಲ್ಲಿನ ಮುಖ. ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಹಿಡಿದು ನಿಲ್ಲಿಸುವ ಕಲ್ಲು ಇಲ್ಲ. ಮೇಲೆ ತೊಲೆ, ಹಲಗೆ, ಅದರ ಮೇಲೆ ಒಂದು-ಎರಡು ಅಡಿ ಮಣ್ಣು. ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಮರದ ಕಂಬ-ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತು, ಒಳಗಿದ್ದವರು ಬದುಕಿದರು.

ಮಣ್ಣಿನ ಲೆಕ್ಕ

ಮಳೆಗಾಲಕ್ಕೆ ಮುಂಚೆ ಸೋರುವ ಜಾಗಕ್ಕೆ ನಾಲ್ಕು ಬುಟ್ಟಿ ಮಣ್ಣು ಹಾಕುವುದು ನಮ್ಮ ವಾಡಿಕೆ. ಹಳೆಯದನ್ನು ತೆಗೆಯುವವರು ವಿರಳ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು 45 ಕ್ವಿಂಟಲ್. ಎರಡು ಅಡಿ ಇದ್ದರೆ 90 ಕ್ವಿಂಟಲ್! ಜೋಳದ ತೊಂಬತ್ತು ಚೀಲಗಳನ್ನು ತಲೆಯ ಮೇಲೆ ಪೇರಿಸಿಕೊಂಡು ಅದರಡಿ ಮಕ್ಕಳನ್ನು ಮಲಗಿಸುವವರು ಯಾರಾದರೂ ಇದ್ದಾರೆಯೇ? ಎತ್ತು ಥಟ್ಟನೆ ಚಕ್ಕಡಿ ಎಳೆದಾಗ ಮೇಲಿನ ಹೇರು ಹೇಗೆ ವಾಲುತ್ತದೆಯೋ, ನೆಲ ಅಲುಗಿದಾಗ ಮಾಳಿಗೆಯೂ ಹಾಗೆಯೇ. ಹೇರು ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚು.

"ಅಜ್ಜನ ಕಾಲದ ಮನೆ, ಇಷ್ಟು ದಿನ ಏನೂ ಆಗಿಲ್ಲ" ಎನ್ನುವವರುಂಟು. ಕಿಲ್ಲಾರಿಯ ಮನೆಗಳೂ ಹಾಗೆಯೇ ನಿಂತಿದ್ದವು. ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅಂದು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಮೂರನೆಯ ವಲಯಕ್ಕೆ ಸೇರಿದ್ದು 2002ರಲ್ಲಿ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮೇಲಿಂದ ಮೇಲೆ ನೆಲ ಅಲುಗಿ ಜನ ಊರು ಬಿಟ್ಟದ್ದನ್ನೂ ಮರೆಯಬಾರದು. "ಮಣ್ಣು ತೆಗೆದರೆ ಸೆಕೆ, ಸೋರಿಕೆ" ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಎರಡು ಅಡಿ ಮಣ್ಣು ಬೇಕಿಲ್ಲ.

ಮುಂಚೆ ಮಾಡಬೇಕಾದುದು

ಸುಗ್ಗಿ ಮುಗಿದು ಕೈ ಬಿಡುವಾದಾಗ ತೊಲೆಗಳಿಗೆ ಆಸರೆ ಕೊಟ್ಟು, ಮೇಲಿನ ಮಣ್ಣನ್ನು ಎಲ್ಲ ಕಡೆ ಸಮನಾಗಿ ಇಳಿಸಿರಿ. ಗಟ್ಟಿ ಪ್ಲಾಸ್ಟಿಕ್ ಹಾಳೆ ಹರಡಿ, ನೀರು ಹರಿಯುವಂತೆ ಇಳಿಜಾರು ಕೊಟ್ಟು, ಅರ್ಧ ಅಡಿಯಷ್ಟು ಮಣ್ಣು ಮಾತ್ರ ಹಾಕಿರಿ. ಗೆದ್ದಲು ತಿಂದ ಕಂಬ, ತೊಲೆ ಬದಲಿಸಿರಿ. ಹೊಸ ಗೋಡೆ ಕಟ್ಟಿಸುವಾಗ ಒಂದೂವರೆ ಅಡಿಗಿಂತ ದಪ್ಪ ಬೇಡ. ಎರಡೂ ಮುಖ ಮುಟ್ಟುವ ಉದ್ದ ಕಲ್ಲನ್ನು ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಇಡಿಸಿರಿ. ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಬರುವ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಹಾಕಿಸಿರಿ. ಹಳೆಯ ಕಲ್ಲು-ಮಣ್ಣಿನ ಗೋಡೆಯ ಮೇಲೆಯೇ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವುದಂತೂ ಒಂದು ಭಾರ ಇಳಿಸಿ ಇನ್ನೊಂದನ್ನು ಹೊತ್ತಂತೆ.

ಹಾಸಿಗೆಯ ಮೇಲ್ಗಡೆಯ ನಾಗಂದಿಗೆಯಿಂದ ಹಂಡೆ, ಕೊಡ ಇಳಿಸಿರಿ. ರಾತ್ರಿ ಬಾಗಿಲ ದಾರಿಗೆ ಚೀಲ, ನೇಗಿಲು ಅಡ್ಡ ಇಡಬೇಡಿರಿ. ದನಗಳನ್ನು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟಿನಿಂದ ಕಟ್ಟಿರಿ.

ನಡುಗುವಾಗ

ಬಾಗಿಲು ಹತ್ತಿರವಿದ್ದು ಹೊರಗೆ ಬಯಲಿದ್ದರೆ ತಕ್ಷಣ ಹೊರಬನ್ನಿರಿ. ಆಗದಿದ್ದರೆ ಗಟ್ಟಿ ಮಂಚದಡಿ ಸೇರಿ ತಲೆ, ಕುತ್ತಿಗೆ ಮುಚ್ಚಿಕೊಳ್ಳಿರಿ. ಹೊರಬಂದವರು ಗೋಡೆಯ ಬುಡದಲ್ಲಿ, ಕಿರು ಓಣಿಯಲ್ಲಿ, ವಿದ್ಯುತ್ ತಂತಿಯ ಕೆಳಗೆ, ಬಾವಿಯ ದಡದಲ್ಲಿ ನಿಲ್ಲಬಾರದು. ದನ ಬಿಚ್ಚಲು, ಪೆಟ್ಟಿಗೆ ತರಲು ಒಳಗೆ ಹೋಗಲೇಬಾರದು.

ನಂತರ

ಮರುಕಂಪನಗಳು ಬರುತ್ತವೆ, ಮೊದಲ ಪೆಟ್ಟಿಗೆ ಸಡಿಲಾದ ಗೋಡೆ ಎರಡನೆಯದಕ್ಕೆ ಬೀಳುತ್ತದೆ. ಬಿರುಕು ಬಿಟ್ಟ ಮನೆಯನ್ನು ಎಂಜಿನಿಯರರು ನೋಡುವವರೆಗೆ ಬಯಲಲ್ಲೇ ಮಲಗಿರಿ. ಸುರಕ್ಷಿತವಾಗಿ ಕೈಗೆ ಸಿಗುವಂತಿದ್ದರೆ ಸಿಲಿಂಡರ್, ಮೇನ್ ಸ್ವಿಚ್ ಆರಿಸಿರಿ. ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿರಿ, ಸ್ವಿಚ್ ಮುಟ್ಟದೆ ದೂರ ಹೋಗಿರಿ. ಸಿಕ್ಕಿಬಿದ್ದವರ ದನಿ ಕೇಳಲು ಎಲ್ಲರೂ ನಡುನಡುವೆ ಮೌನವಾಗಿರಬೇಕು. ಅವರ ಹತ್ತಿರ ಬಂದಂತೆ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸಿ, ಮೊದಲು ಮೂಗು-ಬಾಯಿ ಬಿಡಿಸಿರಿ. ಅಂಥ ಹೊತ್ತಿನಲ್ಲಿ ಪೇಟೆಯಿಂದ ನೆರವು ಬರುವ ಮೊದಲು ಕೈಗೊದಗುವವರು ನೆರೆಮನೆಯವರೇ.

ಗ್ರಾಮಸಭೆಯಲ್ಲಿ ಕೇಳೋಣ

ಮನೆಯ ನೆರವೆಂದರೆ ಹೊಸ ಮನೆಯ ನೆರವು ಎಂದೇ ನಾವು ತಿಳಿದಿದ್ದೇವೆ. ಎಲ್ಲರಿಗೂ ಹೊಸ ಮನೆ ಬರುವುದು ಯಾವ ಕಾಲಕ್ಕೋ! ಮಣ್ಣು ಇಳಿಸಲು, ತೊಲೆ ಬದಲಿಸಲು, ಹಳೆಯ ಗೋಡೆಗೆ ತೂತು ಕೊರೆದು ಕಬ್ಬಿಣ-ಕಾಂಕ್ರೀಟಿನ ಬಂಧ ಹಾಕಿಸಲು ನೆರವು ಬೇಕೆಂದು ಗ್ರಾಮಸಭೆಯಲ್ಲಿ ಒತ್ತಾಯಿಸಬೇಕು. ಊರಿನ ಗೌಂಡಿಗಳಿಗೆ ತರಬೇತಿಯನ್ನೂ ಕೇಳಬೇಕು. ಕಡಿಮೆ ಹಣದಲ್ಲಿ ಹೆಚ್ಚು ಜೀವ ಉಳಿಸುವ ದಾರಿ ಇದು.

ಕಣ ಮಾಡುವಾಗ ಮುಯ್ಯಾಳು ಕೂಡುವಂತೆ ಮಾಳಿಗೆಯ ಮಣ್ಣಿಳಿಸಲೂ ಕೂಡಬಹುದು. ಇಳಿಸಿದ ಮಣ್ಣು ಹೊಲದ ಬದುವಿಗಾದೀತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ನಮಗೆಲ್ಲ ಗೊತ್ತು. ಬರುವ ಬೇಸಿಗೆಯಲ್ಲಿ ಮಾಳಿಗೆಗೆ ಹೊಸ ಬುಟ್ಟಿ ಏರಿಸುವ ಮೊದಲು, ರೈತ ಬಾಂಧವರೇ, ಹಳೆಯ ಮಣ್ಣು ಎಷ್ಟು ಅಡಿ ಇದೆಯೆಂದು ಒಮ್ಮೆ ಅಳೆದು ನೋಡಿರಿ.