ಲಾರಿ ಕಂಪನಿ ಸೇರೋ ಹುಡುಗರೇ, ಸಂಬಳ ಒಂದನ್ನೇ ಕೇಳಬೇಡಿ

ಇವತ್ತು ಬೆಳೆ ವಿಚಾರ ಅಲ್ಲ. ಶೇಂಗಾ ಕೀಳೋಕೆ ಆಳು ಸಿಗ್ತಿಲ್ಲ ಅಂತ ಎಲ್ಲರೂ ಗೊಣಗ್ತಾ ಇದೀವಲ್ಲ, ಆ ಆಳುಗಳು, ಅಂದ್ರೆ ನಮ್ಮದೇ ಹುಡುಗರು, ಎಲ್ಲಿಗೆ ಹೋಗ್ತಿದ್ದಾರೆ ಅನ್ನೋ ವಿಚಾರ. ಹಿರಿಯೂರು, ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ಓಣಿಗೊಬ್ಬ ಲಾರಿ ಡ್ರೈವರ್ ಇದ್ದಾನೆ. ಬೆಂಗಳೂರು-ಪುಣೆ ಹೈವೇ ನಮ್ಮ ಹೊಲಗಳ ಪಕ್ಕದಲ್ಲೇ ಹೋಗೋದ್ರಿಂದ ಚಿಕ್ಕಂದಿನಿಂದ ಲಾರಿ ನೋಡ್ಕೊಂಡೇ ಬೆಳೆದ ಹುಡುಗರು.

ಹೋಗಬೇಡಿ ಅಂತ ನಾನು ಹೇಳಲ್ಲ. ಮೂರು ಎಕರೆ ಖುಷ್ಕಿ ಜಮೀನಿನಲ್ಲಿ ಇಬ್ಬರು ಗಂಡುಮಕ್ಕಳು ಸಂಸಾರ ಮಾಡೋಕಾಗಲ್ಲ, ಅದು ನಮಗೆಲ್ಲ ಗೊತ್ತು. ಡ್ರೈವರ್‌ಗೆ ಹೆಣ್ಣು ಕೊಡಲ್ಲ ಅಂತಾರೆ. ರೈತನಿಗೆ ಮಾತ್ರ ಕ್ಯೂ ನಿಂತು ಕೊಡ್ತಿದ್ದಾರಾ? ಹೋಗ್ಲಿ, ದುಡೀಲಿ. ಆದ್ರೆ ನಾವು ಅಪ್ಪಂದಿರು ಕೇಳೋದು ಒಂದೇ ಮಾತು, "ಸಂಬಳ ಎಷ್ಟು ಕೊಡ್ತಾರಂತೆ?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು, ರಸ್ತೇಲಿ ಆಗೋ ನಷ್ಟ ಯಾರ ತಲೆ ಮೇಲೆ ಅಂತ.

ನಮ್ಮ ಅಕ್ಕನ ಮಗ ಒಂದು ಕಂಪನಿ ಸೇರಿದ್ದ, ಹೆಸರು ಬೇಡ. ತಿಂಗಳಿಗೆ 22 ಸಾವಿರ, ಟ್ರಿಪ್ಪಿಗೆ ಬಾಟಾ ಬೇರೆ ಅಂದಿದ್ರು. ಮೂರನೇ ತಿಂಗಳು ಕೈಗೆ ಬಂದದ್ದು 13 ಸಾವಿರ ಚಿಲ್ಲರೆ. ಯಾಕಪ್ಪಾ ಅಂದ್ರೆ ಡೀಸೆಲ್ ಶಾರ್ಟೇಜ್ ಅಂತೆ. "ಮಾವ, ಡೀಸೆಲ್ ಏನು ನಾನು ಕುಡಿದ್ನಾ?" ಅಂತ ಫೋನಲ್ಲಿ ಕೇಳಿದ. ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ನೀವೂ ನೋಡಿ.

ಬೆಂಗಳೂರಿಂದ ಮುಂಬೈಗೆ ಹೋಗಿ ಬರೋದು ಹತ್ತಿರ ಹತ್ತಿರ 2000 ಕಿಲೋಮೀಟರ್. ಕಂಪನಿಯವರು ಲೀಟರಿಗೆ ನಾಲ್ಕೂವರೆ ಮೈಲೇಜ್ ಅಂತ ಬರಕೊಂಡಿದ್ರು. ಆ ಲೆಕ್ಕಕ್ಕೆ 444 ಲೀಟರ್ ಸಾಕು. ತುಂಬಿದ ಹಳೇ ಲಾರಿ, ಪುಣೆ ಕಡೆ ಖಂಬಾಟ್ಕಿ ಘಾಟ್, ಆಮೇಲೆ ಖಂಡಾಲಾ, ಊರೊಳಗೆ ಟ್ರಾಫಿಕ್ಕು. ಅವನಿಗೆ ಸಿಕ್ಕಿದ್ದು ನಾಲ್ಕೇ. ಅಂದ್ರೆ 500 ಲೀಟರ್ ಬೇಕು. ವ್ಯತ್ಯಾಸ 56 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದ್ರೂ 5 ಸಾವಿರ ರೂಪಾಯಿ ಒಂದೇ ಟ್ರಿಪ್ಪಿಗೆ ಅವನ ಸಂಬಳದಿಂದ ಹೋಯ್ತು. ಮೈಲೇಜ್ ಬರಬೇಕು ಅಂದ್ರೆ ಟೈರು, ಇಂಜಿನ್, ಇಂಜೆಕ್ಟರ್ ಸರಿ ಇರಬೇಕು, ಅದು ಓನರ್ ಕೆಲಸ. ಡೀಸೆಲ್ ಕದಿಯೋ ಡ್ರೈವರ್‌ಗಳಿಲ್ಲ ಅಂತಲ್ಲ, ಇದ್ದಾರೆ. ಅದಕ್ಕೆ ಒಳ್ಳೇ ಓನರ್‌ಗಳು ಏನು ಮಾಡ್ತಾರೆ ಅಂದ್ರೆ, ಮೊದಲು ಆ ಲಾರಿ ಎರಡು ಮೂರು ಟ್ರಿಪ್ ಹೋಗಿ ಬರಲಿ ಅಂತ ಬಿಟ್ಟು, ತುಂಬಿದಾಗ ಇಷ್ಟು, ಖಾಲಿ ಬಂದಾಗ ಇಷ್ಟು ಅಂತ ಬೇರೆ ಬೇರೆ ನಿಗದಿ ಮಾಡ್ತಾರೆ. ಸೇರೋ ಮೊದಲು ಕೇಳ್ರಪ್ಪ: ಮೈಲೇಜ್ ಎಷ್ಟು ಹಿಡೀತೀರಿ, ಘಾಟ್‌ಗೆ ಬೇರೆ ಲೆಕ್ಕ ಇದೆಯಾ, ಕಮ್ಮಿ ಬಂದ್ರೆ ಯಾರು ಕೊಡಬೇಕು. ಅದೇ ಲಾರಿ ಓಡಿಸಿ ಬಿಟ್ಟ ಡ್ರೈವರ್ ಯಾರಾದ್ರೂ ಸಿಕ್ರೆ ಒಂದು ಟೀ ಕುಡಿಸಿ ಕೇಳಿ. ಆಫೀಸಿನವರು ಹೇಳದ್ದನ್ನ ಅವನು ಹೇಳ್ತಾನೆ.

ಡೀಸೆಲ್ ಆದಮೇಲೆ ಇನ್ನೂ ಇದೆ. ಪಂಚರ್ ಯಾರದು, ಟೈರ್ ಒಡೆದ್ರೆ ಯಾರದು, ಮಾಲು ನೆಂದ್ರೆ ಯಾರದು. ಅನ್‌ಲೋಡ್‌ಗೆ ಎರಡು ದಿನ ಕಾಯಿಸಿದ್ರೆ ಆ ದಿನಕ್ಕೆ ಬಾಟಾ ಇದೆಯೋ ಇಲ್ಲವೋ. ಯಶವಂತಪುರ ಮಾರ್ಕೆಟ್‌ಗೆ ಈರುಳ್ಳಿ ಹಾಕಿದವರಿಗೆ ಗೊತ್ತು, ಸರದಿ ಬರೋತನಕ ಡ್ರೈವರ್ ಲಾರಿ ಕೆಳಗೇ ಮಲಗಿರ್ತಾನೆ. ಟ್ರಿಪ್ ಲೆಕ್ಕದ ಸಂಬಳ ಆದ್ರೆ ಆ ಎರಡು ದಿನ ಅವನಿಗೆ ಸೊನ್ನೆ. ಈಗ ಎಷ್ಟೋ ಕಂಪನಿ ಕ್ಲೀನರ್‌ನ್ನೂ ಕಳಿಸಲ್ಲ. ಟಾರ್ಪಾಲ್ ಕಟ್ಟೋದು, ಹಗ್ಗ ಬಿಗಿಯೋದು, ರಾತ್ರಿ ಡೀಸೆಲ್ ಟ್ಯಾಂಕ್ ಕಾಯೋದು ಎಲ್ಲ ಒಬ್ಬನೇ. ಮತ್ತೆ ನಿದ್ದೆ ಯಾವಾಗ? 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿಟ್ರು. ರಸ್ತೇಲಿ ಯಾರೂ ಅದನ್ನ ನೋಡಿಲ್ಲ. ದೂರದ ಟ್ರಿಪ್ಪಿಗೆ ಇಬ್ಬರು ಡ್ರೈವರ್ ಕೊಡ್ತೀರಾ ಅಂತ ಕೇಳೋದು ಸೋಮಾರಿತನ ಅಲ್ಲ, ಜೀವದ ಪ್ರಶ್ನೆ.

ಓವರ್‌ಲೋಡ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಚಕ್ರದ ಲಾರಿಗೆ ಲಾರಿ ತೂಕವೂ ಸೇರಿ 28.5 ಟನ್ ಮಿತಿ. ದಾಟಿದ್ರೆ 2019ರ ತಿದ್ದುಪಡಿ ಪ್ರಕಾರ ದಂಡ 20 ಸಾವಿರ, ಮೇಲೆ ಹೆಚ್ಚಾದ ಒಂದೊಂದು ಟನ್ನಿಗೆ 2 ಸಾವಿರ, ಹೆಚ್ಚಿನ ಮಾಲು ಇಳಿಸೋ ಖರ್ಚು ಬೇರೆ. ಹಿಡಿದಾಗ ಸ್ಟೇರಿಂಗ್ ಹಿಂದೆ ಇರೋನು ನಮ್ಮ ಹುಡುಗ. ಓನರ್ ಫೋನ್ ಸ್ವಿಚ್ ಆಫ್. ಆದ್ರೆ ಮೋಟಾರು ವಾಹನ ಕಾಯ್ದೆ 113ನೇ ಕಲಮಿನಲ್ಲಿ ಒಂದು ಮಾತಿದೆ: ಡ್ರೈವರ್ ಓನರ್ ಅಲ್ಲದಿದ್ರೆ, ಇದು ಓನರ್‌ಗೆ ಗೊತ್ತಿದ್ದೇ ಅಥವಾ ಓನರ್ ಹೇಳಿಯೇ ನಡೆದದ್ದು ಅಂತ ಕೋರ್ಟು ಭಾವಿಸಬಹುದು. ಇದು ಹುಡುಗರಿಗೆ ಗೊತ್ತಿರಲ್ಲ. ತೂಕದ ಚೀಟಿ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಯೇ ಲಾರಿ ಸ್ಟಾರ್ಟ್ ಮಾಡಬೇಕು. ಅವನು "ಹೋಗು" ಅಂತ ಹಾಕಿದ ಮೆಸೇಜು ಅಳಿಸಬಾರದು.

ಇನ್ನು ಕಾಗದ ಪತ್ರ. ಲಾರಿ ನಂಬರ್ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದ್ರೆ ಇನ್ಶೂರೆನ್ಸ್, ಎಫ್‌ಸಿ ಯಾವತ್ತಿನವರೆಗೆ ಇದೆ ಅಂತ ಬರುತ್ತೆ. ಅವಧಿ ಮುಗಿದಿದ್ರೆ ಆ ಲಾರಿ ಹತ್ತಲೇಬೇಡಿ. ಒರಿಜಿನಲ್ ಲೈಸೆನ್ಸ್, ಮಾರ್ಕ್ಸ್ ಕಾರ್ಡ್ ಆಫೀಸಿನಲ್ಲಿ ಇಡಿ ಅಂದ್ರೆ ಇಡಬೇಡಿ, ಜೆರಾಕ್ಸ್ ಕೊಡಿ. ಖಾಲಿ ಚೆಕ್ಕಿಗೆ ಸಹಿ ಅಂತೂ ಬೇಡವೇ ಬೇಡ. ಖಾಲಿ ಚೆಕ್ ಏನು ಮಾಡುತ್ತೆ ಅಂತ ಈ ಕಡೆ ರೈತರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಮುಂಗಡ. ಹಬ್ಬಕ್ಕೋ, ಬೋರ್ ಕೊರೆಸೋಕೋ, ತಂಗಿ ಮದುವೆಗೋ 50 ಸಾವಿರ, ಲಕ್ಷ ಕೊಡ್ತಾರೆ. ನಗುನಗ್ತಾ ಕೊಡ್ತಾರೆ. ಆಮೇಲೆ ಹುಡುಗ ಬಿಡ್ತೀನಿ ಅಂದ್ರೆ "ದುಡ್ಡು ಇಟ್ಟು ಹೋಗು" ಅಂತಾರೆ. ಇಡೋಕೆ ಇರಲ್ಲ, ಡೀಸೆಲ್ ಶಾರ್ಟೇಜ್ ಸೇರಿ ಸಾಲ ಇನ್ನೂ ಬೆಳೆದಿರುತ್ತೆ. ನಿದ್ದೆಗೆಟ್ಟು ಓಡಿಸೋದು, ಓವರ್‌ಲೋಡ್ ಹಾಕ್ಕೊಂಡು ಹೋಗೋದು, ಎಲ್ಲದಕ್ಕೂ ಹ್ಞೂಂ ಅನ್ನಲೇಬೇಕು. ಮುಂಗಡ ಕೊಟ್ಟು, ಅದು ತೀರೋತನಕ ಬಿಡಬಾರದು ಅಂತ ಕಟ್ಟಿಹಾಕೋದನ್ನ 1976ರ ಕಾಯ್ದೆ ಜೀತ ಅಂತಲೇ ಕರೆಯುತ್ತೆ. ಅಪ್ಪಂದಿರಿಗೆ ಬಿರುಸಾಗಿಯೇ ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ: ಮಗನ ಕಂಪನಿಯಿಂದ ಬೋರ್‌ವೆಲ್‌ಗೆ ದುಡ್ಡು ತರಿಸಬೇಡಿ. ಸೊಸೈಟೀಲಿ ಕೇಳಿ, ನೆಂಟರಲ್ಲಿ ಕೇಳಿ, ಇಲ್ಲಾಂದ್ರೆ ಮುಂದಿನ ವರ್ಷ ಕೊರೆಸಿ.

ಅಪಶಕುನ ಅನ್ನಬೇಡಿ, ಅಪಘಾತದ ಮಾತೂ ಆಡಲೇಬೇಕು. ಕೆಲಸದಲ್ಲಿ ಡ್ರೈವರ್ ತೀರಿಕೊಂಡ್ರೆ ನೌಕರರ ಪರಿಹಾರದ ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧಕ್ಕೆ ವಯಸ್ಸಿನ ಪ್ರಕಾರ ಒಂದು ಸಂಖ್ಯೆಯಿಂದ ಗುಣಾಕಾರ. 25 ವರ್ಷದವನಿಗೆ ಆ ಸಂಖ್ಯೆ 216.91. ಸಂಬಳ 15 ಸಾವಿರದವರೆಗೆ ಮಾತ್ರ ಹಿಡೀತಾರೆ. ಅಷ್ಟು ಸಂಬಳಕ್ಕೆ ಕಾಗದ ಇದ್ರೆ 16 ಲಕ್ಷ 26 ಸಾವಿರ ಚಿಲ್ಲರೆ. ಅದೇ ಕಂಪನಿಯವರು ಸಂಬಳ 8 ಸಾವಿರ ಅಂತ ತೋರಿಸಿ ಉಳಿದದ್ದು ಪ್ರಯಾಣ ಭತ್ಯೆ ಅಂತ ಬರೆದಿದ್ರೆ 8 ಲಕ್ಷ 67 ಸಾವಿರ. ಹುಡುಗ ಅದೇ, ಲಾರಿ ಅದೇ, ಕಾಗದ ಒಂದೇ ಬೇರೆ. ಸಂಬಳ ಬ್ಯಾಂಕಿಗೆ ಹಾಕಿ ಅಂತ ಹಠ ಹಿಡೀರಿ ಅಂತ ನಾನು ಹೇಳೋದು ಇದಕ್ಕೇ. ಪಿಎಫ್, ಇಎಸ್‌ಐ ಇದೆಯಾ ಅಂತಲೂ ಕೇಳಿ. 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದು ಸಂಬಳ 21 ಸಾವಿರದ ಒಳಗಿದ್ರೆ ಇಎಸ್‌ಐ ಕೊಡಬೇಕು, ಅದು ಅವರು ಮಾಡೋ ಉಪಕಾರ ಅಲ್ಲ.

ಬೇರೆಯವರಿಗೆ ಗುದ್ದಿದ್ರೆ ಏನು ಅನ್ನೋ ಭಯ ಎಲ್ಲ ಹುಡುಗರಿಗೂ ಇದೆ. ಓಡಿಹೋದ್ರೆ 10 ವರ್ಷ ಜೈಲು ಅಂತ ಹೊಸ ನ್ಯಾಯ ಸಂಹಿತೇಲಿ ಬಂದಾಗ 2024ರ ಜನವರಿಯಲ್ಲಿ ಡ್ರೈವರ್‌ಗಳು ಲಾರಿ ನಿಲ್ಲಿಸಿದ್ದು ನೆನಪಿರಬಹುದು. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಆ ಭಾಗ ಮಾತ್ರ ತಡೆದರು. ಆದ್ರೆ ಅಜಾಗರೂಕತೆಯಿಂದ ಸಾವಾದ್ರೆ 5 ವರ್ಷದವರೆಗೆ ಶಿಕ್ಷೆ ಇದ್ದೇ ಇದೆ. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸೋದು ಡ್ರೈವರ್ ಕರ್ತವ್ಯ, ಜನ ಹೊಡೆಯೋಕೆ ಬಂದ್ರೆ ಅದಕ್ಕೆ ವಿನಾಯಿತಿ ಅಂತ 134ನೇ ಕಲಂ ಹೇಳುತ್ತೆ. ಅಂಥ ಹೊತ್ತಲ್ಲಿ ಸೀದಾ ಹತ್ತಿರದ ಪೊಲೀಸ್ ಸ್ಟೇಷನ್‌ಗೆ ಹೋಗಬೇಕು, ಊರಿಗಲ್ಲ. ಕೇಸ್ ಆದ್ರೆ ಜಾಮೀನು, ವಕೀಲರ ಖರ್ಚು ಕಂಪನಿ ನೋಡ್ಕೊಳ್ಳುತ್ತಾ? ಇದನ್ನೂ ಸೇರೋ ದಿನವೇ ಕೇಳಿ.

ಇಷ್ಟೆಲ್ಲ ಕೇಳಿದ್ರೆ ಕೆಲಸವೇ ಕೊಡಲ್ಲ ಅಂತ ನಮ್ಮ ಪಕ್ಕದ ಹೊಲದ ಅಣ್ಣ ಅಂದ್ರು. ನನಗೆ ಹಾಗನ್ನಿಸಲ್ಲ. ಡ್ರೈವರ್ ಇಲ್ಲದೆ ಹೈವೇ ಪಕ್ಕ ನಿಂತಿರೋ ಲಾರಿಗಳನ್ನ ನಾವೇ ನೋಡ್ತಿದೀವಿ. ನಿಂತ ಲಾರಿಗೂ ಕಂತು ಕಟ್ಟಬೇಕು ಅವರು. ಕೇಳಿದ್ದಕ್ಕೇ ಸಿಟ್ಟಾಗೋ ಕಂಪನಿ ಆಮೇಲೆ ಲೆಕ್ಕ ಕೊಡುತ್ತಾ?

ಅಕ್ಕನ ಮಗ ಆ ಕಂಪನಿ ಬಿಟ್ಟು ಈಗ ದಾವಣಗೆರೆ ಕಡೆ ಲೋಕಲ್ ಲೋಡ್ ಓಡಿಸ್ತಿದ್ದಾನೆ. ಸಂಬಳ 17 ಸಾವಿರ, ಪೂರ್ತಿ ಕೈಗೆ ಬರುತ್ತೆ, ವಾರಕ್ಕೆರಡು ರಾತ್ರಿ ಮನೇಲಿ ಮಲಗ್ತಾನೆ. ನಮ್ಮ ಸುತ್ತಿನ ಹುಡುಗರು ಯಾರಾದ್ರೂ ಕಂಪನಿ ಸೇರೋರಿದ್ರೆ ಅವರು ಕೊಟ್ಟ ಕಾಗದ ಸಹಿ ಹಾಕೋ ಮೊದಲು ತಗೊಂಡು ಬರ್ಲಿ. ಭಾನುವಾರ ಸಾಯಂಕಾಲ ಮನೇಲೇ ಇರ್ತೀನಿ, ಅವನೂ ಬಂದಿರ್ತಾನೆ. ಕೂತು ಓದೋಣ.