ಕಿಲುಬಿದ್ದಲ್ಲಿ ಬೆಸುಗೆ ನಿಲ್ಲದು

ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನ ಕ್ರಮವನ್ನು ನಮ್ಮ ಹಿರಿಯ ಗೃಹಿಣಿಯರು ಬಲ್ಲರು. ಅವನು ಪಾತ್ರೆಯನ್ನು ತಿಕ್ಕಿ ಬೆಳಗಿ, ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ಅನಂತರವೇ ತವರವನ್ನು ಮುಟ್ಟಿಸುವನು. ಮೈ ಶುದ್ಧವಾಗದೆ ತವರವು ಹತ್ತದು. ತಾಮ್ರದ ಕೊಳವೆಯ ಬೆಸುಗೆಗೂ ಇದೇ ನ್ಯಾಯ.

ಬಾಯ್ಲರಿನಿಂದಲೋ ಮಾಳಿಗೆಯ ಮೇಲಿನ ಸೋಲಾರ್ ಹೀಟರಿನಿಂದಲೋ ಬಚ್ಚಲಿಗೆ ಬಿಸಿನೀರನ್ನು ತರುವ ಹಳೆಯ ತಾಮ್ರದ ಕೊಳವೆಯು ತೂತಾದರೆ, ಆ ಭಾಗವನ್ನು ಕತ್ತರಿಸಿ ಹೊಸ ಎಲ್ಬೊ, ಟೀ, ಸಾಕೆಟ್ಟುಗಳನ್ನು ಬೆಸೆಯಬೇಕಾಗುವುದು. ಕೆಲಸವನ್ನು ತಾವೇ ಮಾಡಲಿ, ಕೆಲಸಗಾರನಿಂದ ಮಾಡಿಸಲಿ, ಮನೆಯವರು ಅದರ ಮರ್ಮವನ್ನು ತಿಳಿದಿರುವುದು ಮೇಲು. ಕೆಟ್ಟ ಬೆಸುಗೆಯು ಅಂದೇ ಸೋರದೆ, ಗೋಡೆಗೆ ಗಾರೆ ಬಳಿದ ಮೇಲೆ ಸೋರುವುದುಂಟು.

ತಾಮ್ರವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಕಂದು ಅಥವಾ ಕಪ್ಪು ಪೊರೆಯನ್ನು ಕಟ್ಟುತ್ತದೆ. ತೇವ ತಗಲಿದಲ್ಲಿ ಹಸುರು ಕಿಲುಬು ಏಳುತ್ತದೆ. ಕರಗಿದ ತವರವು ಇಂತಹ ಮೈಮೇಲೆ ಹರಡದೆ, ಎಣ್ಣೆ ಸವರಿದ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳಿಹೋಗುವುದು. ಫ್ಲಕ್ಸ್ ಎಂಬ ಲೇಪವು ತೆಳುವಾದ ಪೊರೆಯನ್ನು ಕರಗಿಸಿ, ಕಾಯಿಸುವಾಗ ಹೊಸ ಪೊರೆಯು ಏಳದಂತೆ ತಡೆಯುವುದೇನೋ ನಿಜ. ಆದರೆ ದಪ್ಪನಾದ ಕಿಲುಬು, ಬಣ್ಣ, ಜಿಡ್ಡುಗಳನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ; ಆ ಕೆಲಸವು ಕೈಯಿಂದಲೇ ಆಗಬೇಕು.

ಮೊದಲು ನೀರನ್ನು ನಿಲ್ಲಿಸಿ ಕೊಳವೆಯನ್ನು ಪೂರ್ತಿಯಾಗಿ ಬರಿದುಮಾಡತಕ್ಕದ್ದು. ಒಳಗೆ ನೀರು ಉಳಿದರೆ ತಾಮ್ರದ ಕಾವು 100 ಡಿಗ್ರಿಯ ಆಚೆಗೆ ಏರುವುದು ಕಷ್ಟ. ತವರವಾದರೋ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹತ್ತಿರದ ನಲ್ಲಿಯನ್ನು ತೆರೆದಿಟ್ಟರೆ ಆವಿಯು ಹೊರಟುಹೋಗುವುದು. ತರುವಾಯ ಕತ್ತರಿಸಿದ ಅಂಚಿನ ಒರಟನ್ನು ಒಳಗೂ ಹೊರಗೂ ಅರದಿಂದ ತೆಗೆದು, ಸಾಕೆಟ್ಟಿನೊಳಗೆ ಹೋಗುವ ಭಾಗಕ್ಕಿಂತ ತುಸು ಹೆಚ್ಚಾಗಿ, ಎಮರಿ ಬಟ್ಟೆಯಿಂದ ಸುತ್ತಲೂ ಉಜ್ಜಬೇಕು. ಹೊಸ ಕಾಸಿನಂತೆ ಹೊಳೆದರೆ ಸಾಕು. ಮಿತಿಮೀರಿ ಉಜ್ಜಿದರೆ ಕೊಳವೆಯು ಸವೆದು ಸಂದು ಅಗಲವಾಗುತ್ತದೆ. ಬೆಸುಗೆಯು ಕೂದಲೆಳೆಯಷ್ಟು ಕಿರಿದಾದ ಸಂದಿಗೆ ತಾನಾಗಿಯೇ ಏರಿಕೊಳ್ಳುವುದೇ ಹೊರತು ಅಗಲವಾದ ಸಂದನ್ನು ತುಂಬಲಾರದು. ಹೊಸ ಸಾಕೆಟ್ಟಿನ ಒಳಮೈಯನ್ನೂ ತಂತಿಯ ಕುಂಚದಿಂದ ತಿಕ್ಕಬೇಕು. ಹುಣಿಸೆಹಣ್ಣಿನಿಂದ ತೊಳೆಯಬಾರದೇ ಎಂದು ಸೋದರಿಯರು ಕೇಳಬಹುದು. ಕಲೆ ಹೋಗುವುದು ದಿಟ; ಆದರೆ ಹುಳಿಯು ಉಳಿಯದಂತೆ ತೊಳೆದು ಒಣಗಿಸಿ, ಮತ್ತೆ ಎಮರಿಯನ್ನು ಆಡಿಸಲೇಬೇಕು. ಬೆಳಗಿದ ಮೈಯನ್ನು ಬೆರಳಿನಿಂದ ಮುಟ್ಟಲಾಗದು. ಬೆರಳಿನ ಜಿಡ್ಡೂ ಬೆಸುಗೆಗೆ ಶತ್ರುವೇ.

ಒಡನೆಯೇ ತೆಳುವಾಗಿ ಫ್ಲಕ್ಸನ್ನು ಸವರಿ, ಕೊಳವೆಯನ್ನು ಸಾಕೆಟ್ಟಿನ ತುದಿಮುಟ್ಟ ಕೂಡಿಸಬೇಕು. ಮರದ ಸಾಮಾನನ್ನು ದೂರ ಸರಿಸಿ, ಒಂದು ಬಕೆಟ್ಟು ನೀರನ್ನು ಹತ್ತಿರದಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬಾರದು. ಉರಿಯನ್ನು ಹಿಡಿಯಬೇಕಾದುದು ಬೆಸುಗೆಯ ತಂತಿಗಲ್ಲ, ಸಾಕೆಟ್ಟಿಗೆ. ಉರಿಗೆ ಎದುರು ಮಗ್ಗುಲಲ್ಲಿ ತಂತಿಯನ್ನು ಮುಟ್ಟಿಸಿದಾಗ ಅದು ಕರಗಿ ಒಳಸೇರಿದರೆ ಕಾವು ಹದವಾಗಿದೆಯೆಂದು ತಿಳಿಯಬೇಕು. ಆರುವವರೆಗೆ ಅಲುಗಿಸಬಾರದು. ಆರಿದ ಮೇಲೆ ಉಳಿದ ಫ್ಲಕ್ಸನ್ನು ಒದ್ದೆಬಟ್ಟೆಯಿಂದ ಒರಸಿ, ನೀರನ್ನು ಧಾರಾಳವಾಗಿ ಹರಿಯಬಿಡಬೇಕು. ಹಾಗೆಯೇ ಬಿಟ್ಟ ಫ್ಲಕ್ಸು ತಾಮ್ರವನ್ನು ತಿನ್ನುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ತವರಕ್ಕೆ ಸೀಸವನ್ನು ಬೆರಸಿದರೆ ಅದು 183 ಡಿಗ್ರಿಯಲ್ಲಿಯೇ ಕರಗತೊಡಗುವುದರಿಂದ ಕೆಲಸವು ಸುಲಭವಾಗುವುದು. ಆದರೆ ಸೀಸವು ನೀರಿಗಿಳಿದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಕುಡಿಯುವ ನೀರಿನ ಕೊಳವೆಗಳಿಗೆ ಸೀಸದ ಬೆಸುಗೆಯನ್ನು ಅಮೆರಿಕಾ ದೇಶವು 1986ರಲ್ಲಿಯೇ ನಿಷೇಧಿಸಿತು. ಆದುದರಿಂದ ಅಂಗಡಿಯಲ್ಲಿ ಸೀಸವಿಲ್ಲದ ಬೆಸುಗೆಯನ್ನೇ ಕೇಳಿ ಕೊಳ್ಳಬೇಕು. ಹಳೆಯ ಬೆಸುಗೆಯಲ್ಲಿ ಸೀಸವಿರುವ ಸಂಭವವುಂಟಾಗಿ, ಅದನ್ನು ಉಜ್ಜಿ ಧೂಳೆಬ್ಬಿಸದೆ, ಆ ತುಂಡನ್ನೇ ಕತ್ತರಿಸಿ ತೆಗೆಯುವುದು ಕ್ಷೇಮ. ಕೆಲಸ ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಅನಿಲದ ಕೊಳವೆ, ತಂಗಳುಪೆಟ್ಟಿಗೆಯ ಕೊಳವೆಗಳಿಗೆ ಈ ವಿಧಾನವು ಸಲ್ಲದು. ಅವು ತಜ್ಞರಿಗೆ ಮೀಸಲು. ನೀರಿನ ಕೊಳವೆಯಾದರೋ, ನೀರು ಬಿಟ್ಟು ಒಂದು ರಾತ್ರಿ ನೋಡಿ, ಒಣಬಟ್ಟೆಯಿಂದ ಕೀಲನ್ನು ಒರಸಿ, ಬಟ್ಟೆ ಒಣಗಿಯೇ ಇದ್ದರೆ ಆಮೇಲೆ ಗಾರೆಯವನನ್ನು ಕರೆಯಬಹುದು.